ಎಂಟು ಗೆರೆಯ ಮೊಟ್ಟೆ

ದಿನಕ್ಕೆ ಸರಾಸರಿ ಹನ್ನೊಂದು ಬಾರಿ ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ. ಹದಿನಾಲ್ಕು ದಿನ ಎಣಿಸಿ ದಿನಚರಿಯಲ್ಲಿ ಬರೆದಿಟ್ಟ ಲೆಕ್ಕವಿದು. ಇವಳಿಗೆ ಬೇರೆ ಕೆಲಸವಿಲ್ಲವೇ ಎಂದು ನೀವು ಕೇಳಬಹುದು. ಇದೆ. ಜತ್ತ ತಾಲೂಕಿನ ಒಂದು ದನದ ದವಾಖಾನೆಯಲ್ಲಿ, ಕುರಿಯ ಹಿಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರಲ್ಲಿನ ಜಂತುವಿನ ಮೊಟ್ಟೆಗಳನ್ನು ಎಣಿಸಿ ಅಳೆಯುವುದೇ ನನ್ನ ಉದ್ಯೋಗ.

ಖಂಡೇನವಮಿಯಂದು ಊರವರು ಕುಡಗೋಲು, ಟ್ರ್ಯಾಕ್ಟರುಗಳನ್ನು ಪೂಜಿಸುವಾಗ ನಾನು ಸೂಕ್ಷ್ಮದರ್ಶಕವನ್ನು ಪೂಜಿಸಿದೆ. ಕಣ್ಣಿಡುವ ಕೊಳವೆ ಬಿಚ್ಚಿ, ಒಳಗಿನ ಗೆರೆ ಕೊರೆದ ಅಳತೆಗಾಜನ್ನು ಒರೆಸಿ, ಯಂತ್ರಕ್ಕೆಲ್ಲ ಭಂಡಾರದ ಅರಿಸಿನ ಹಚ್ಚಿ, ಭಕ್ತಿಯಿಂದ ಮತ್ತೆ ಜೋಡಿಸಿದೆ.

ಮರುವಾರ ದರಿಬಡಚಿಯ ಕುರಿಗಾರ ಮಾಯಪ್ಪಜ್ಜ ತಮ್ಮ ಹದಿನೇಳು ಕುರಿಗಳ ಹಿಕ್ಕೆ ತಂದರು. ಪ್ರತಿಯೊಂದರಲ್ಲೂ ಒಂದು ಮೊಟ್ಟೆ. ಪ್ರತಿಯೊಂದೂ ಸರಿಯಾಗಿ ಎಂಟು ಗೆರೆ ಉದ್ದ. ಔಷಧ ಕುಡಿಸಿ ಹತ್ತು ದಿನ ಬಿಟ್ಟು ನೋಡಿದರೂ ಅದೇ ಒಂದು, ಅದೇ ಎಂಟು. ಆ ದಿನಗಳಲ್ಲಿ ಬೇರೆ ಯಾರ ಕುರಿಯೂ ಪರೀಕ್ಷೆಗೆ ಬಂದಿರಲಿಲ್ಲ. ನನ್ನ ನಿಖರತೆಗೆ ನಾನೇ ಮರುಳಾಗಿ, ‘ಔಷಧಕ್ಕೆ ಬಗ್ಗದ ಜಂತು’ ಎಂದು ಬರೆದುಕೊಟ್ಟೆ.

ಅದನ್ನು ಓದಿಸಿ ಕೇಳಿದ ಉಳಿದ ಕುರಿಗಾರರು ಮಾಯಪ್ಪಜ್ಜನ ಹಿಂಡನ್ನು ಊರ ಕೆರೆಗೆ ಬಿಡಗೊಡಲಿಲ್ಲ. ಆ ಮುದುಕ ಕುರಿಗಳಿಗಾಗಿ ಕೊಡಗಳಲ್ಲಿ ನೀರು ಹೊರುವುದನ್ನು ನಾನು ಬಸ್ಸಿನಿಂದ ಕಂಡೆ.

ಮೂರನೆಯ ಸಲ ಬಂದಾಗ ಅಜ್ಜ, “ಬಾಯಾರ, ನಮ್ಮ ವೈರಿನ್ನ ನಮಗೂ ಒಮ್ಮಿ ತೋರಸ್ರಿ” ಎಂದು ಕಣ್ಣಿಟ್ಟು, ಹಿಕ್ಕೆಯ ಗಾಜನ್ನು ಬೆರಳಿನಿಂದ ಆಚೀಚೆ ಸರಿಸಿದರು.

“ಹಿಕ್ಕಿ ಸರದ್ರೂ ಇದ ಸರಿಯಂಗಿಲ್ಲಲ್ರಿ. ಭಾಳ ಹಟಮಾರಿ ಐತಿ.”

ಕೊಳವೆ ಬಿಚ್ಚಿದೆ. ಅಳತೆಗಾಜಿನ ಮೇಲೆ ಪೂಜೆಯಂದು ಹಚ್ಚಿದ ಭಂಡಾರದ ಒಂದು ಕಣ ಕೂತಿತ್ತು. ಒರೆಸಿ ನೋಡಿದರೆ ಹದಿನೇಳರಲ್ಲೂ ಒಂದೂ ಮೊಟ್ಟೆಯಿರಲಿಲ್ಲ. ಎದುರಿಗೆ ಬಂದುದನ್ನೆಲ್ಲ ಅಳೆದವಳು ಅಳೆಯುವ ಗಾಜನ್ನೇ ನೋಡಿರಲಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ: “ಮಷಿನ್ ಕೆಟ್ಟಿತ್ರಿ, ಅಜ್ಜಾರ.”

“ಇರಲಿ ಬಿಡ್ರಿ, ಅದಕ್ಕೇನ ತಿಳೀತೈತಿ,” ಎಂದು ಅವರು ಮರಿಯ ಬೆನ್ನು ಸವರುವಂತೆ ಯಂತ್ರವನ್ನು ಸವರಿದರು.

ದಿನಚರಿಯಲ್ಲೂ ‘ಯಂತ್ರದೋಷ’ ಎಂದೇ ಬರೆದೆ. ಅದರಲ್ಲಿ ನಾನು ಬರೆದ ಮೊದಲ ಸುಳ್ಳು ಅದು; ಮೂರು ದಿನ ಮುಂದಿನ ಪುಟ ಬರೆಯಲಾಗಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮಾಯಪ್ಪಜ್ಜನನ್ನೂ ಹಿಂಡನ್ನೂ ಕರೆದುಕೊಂಡು ಕೆರೆಗೆ ಹೋಗಿ, ನೆರೆದ ಕುರಿಗಾರರಿಗೆ ಹೇಳಿದೆ: “ತಪ್ಪು ಮಷಿನ್ದಲ್ಲರಿ, ನಂದು. ಅಜ್ಜಾರ ಕುರಿ ಚಲೋ ಅದಾವ.”

“ಹಂಗಾರ ಆ ಔಷಧ ಬಾಯಾರಿಗೇ ಕುಡಸೂದಿತ್ತು,” ಎಂದನೊಬ್ಬ. ಎಲ್ಲರೂ ನಕ್ಕರು. ಮಾಯಪ್ಪಜ್ಜ ನಗಲಿಲ್ಲ, ಕೊಡ ಕೆಳಗಿಟ್ಟು ಹಿಂಡನ್ನು ನೀರಿಗೆ ಬಿಟ್ಟರು.

ಹದಿನೇಳೂ ಬಾಗಿ ಕುಡಿಯತೊಡಗಿದವು. ಎಣಿಸಹೊರಟರೆ ಎಲ್ಲ ಮಸುಕು. ಕನ್ನಡಕ ತೆಗೆದು ಒರೆಸಿದೆ. ಗಾಜು ಸ್ವಚ್ಛವಾಗಿಯೇ ಇತ್ತು. ಅದೊಂದನ್ನು ಆ ದಿನದ ಲೆಕ್ಕಕ್ಕೆ ಸೇರಿಸಲಿಲ್ಲ.