ರಾಹುಕಾಲದಲ್ಲಿ ಓಡಿದ ಕಾರು

ನಾನೇ ಹೊಂದಿಸದ ಗಡಿಯಾರವನ್ನು ನಾನು ನಂಬುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮಂಡಿನೋವಿದೆ ಎಂದು ಹೇಳಿಕೊಳ್ಳುವ ಧಾಟಿಯಲ್ಲಿ ಹೇಳುತ್ತಿದ್ದೇನೆ. ಹತ್ತು ವರ್ಷದವನಾಗಿದ್ದಾಗ ಉಚಿತ ವಿದ್ಯಾರ್ಥಿನಿಲಯ ಸೇರಿದವನು ನಾನು. ಅಲ್ಲಿ ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು ಗಂಟೆ, ಊಟಕ್ಕೊಂದು ಗಂಟೆ. ಹಸಿವು ಕೂಡ ಗಂಟೆಯ ಸದ್ದು ಕೇಳಿಯೇ ಆಗುತ್ತಿತ್ತು. ಆಮೇಲೆ ಭೂಗೋಳದ ಮೇಷ್ಟ್ರಾಗಿ, ಕೊನೆಗೆ ಹೆಡ್‌ಮಾಸ್ಟರಾಗಿ, ಅದೇ ಗಂಟೆಯನ್ನು ಬೇರೆಯವರ ಮಕ್ಕಳಿಗೆ ಹೊಡೆಸಿದೆ. ಈಗ ಯಾದವಗಿರಿಯ ನಮ್ಮ ಮನೆಯಲ್ಲಿ ಗಂಟೆ ಇಲ್ಲ, ನಾನಿದ್ದೇನೆ. ನಾನು ವಾಕಿಂಗಿಗೆ ಗೇಟು ತೆಗೆದ ಸದ್ದು ಕೇಳಿ ಎದುರುಮನೆಯವರು ಹಾಲು ಕಾಯಿಸಲು ಇಡುತ್ತಾರಂತೆ.

ಇಂಥವನ ಮಗಳಿಗೆ ಸೆಕೆಂಡನ್ನೂ ಹೋಳು ಮಾಡುವ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಚೇತನಾ ಸಿದ್ಧಾರ್ಥನಗರದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡಿದ್ದಾಳೆ. ವಾರವಿಡೀ ಜನರ ಕತ್ತು, ಸೊಂಟ ನೆಟ್ಟಗೆ ಮಾಡುತ್ತಾಳೆ. ಎರಡು ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ತನ್ನ ಹಳೆಯ ಸಣ್ಣ ಕಾರನ್ನು ಲಾರಿಗೆ ಏರಿಸಿಕೊಂಡು ಕೊಯಮತ್ತೂರಿನ ಹತ್ತಿರದ ರೇಸ್ ಟ್ರ್ಯಾಕಿಗೆ ಹೋಗಿ, ಅಲ್ಲಿ ಹೊರಟ ಜಾಗಕ್ಕೇ ಬಹಳ ವೇಗವಾಗಿ ವಾಪಸು ಬರುತ್ತಾಳೆ. ಮತ್ತೆ ಹೊರಡುತ್ತಾಳೆ. ಹೊರಟಲ್ಲಿಗೇ ಬಂದು ಸೇರಲು ಇಷ್ಟು ಅವಸರವೇಕೆ ಎಂದು ಒಮ್ಮೆ ಕೇಳಿದ್ದೆ. ನೀವು ದಿನಾ ಕುಕ್ಕರಹಳ್ಳಿ ಕೆರೆ ಸುತ್ತಿ ಎಲ್ಲಿಗೆ ಹೋಗ್ತೀರಪ್ಪ ಎಂದಳು. ಅಂದಿನಿಂದ ಆ ಪ್ರಶ್ನೆ ಕೇಳಿಲ್ಲ. ಅಳಿಯ ಜಾಣರು, ಕಾರಿನ ಮಾತು ಎತ್ತಿದರೆ ಅವರು ಪೇಪರ್ ಎತ್ತುತ್ತಾರೆ.

ಆ ಕಾರನ್ನು ನೀವು ನೋಡಬೇಕು. ಹಿಂದಿನ ಸೀಟಿಲ್ಲ, ಏಸಿ ಇಲ್ಲ, ಬಾಗಿಲಿಗೆ ಒಳಹೊದಿಕೆ ಇಲ್ಲ. ಒಳಗಡೆ ಮಾತ್ರ ದಪ್ಪ ಕಬ್ಬಿಣದ ಕೊಳವೆಗಳ ಪಂಜರ, ಮನೆ ಕಟ್ಟಿ ಮುಗಿಸಿದವರು ಸಾರುವೆ ಬಿಚ್ಚುವುದನ್ನು ಮರೆತ ಹಾಗೆ. ಕಾರು ಮಗುಚಿದರೆ ಈ ಪಂಜರವೇ ಕಾಯುವುದು ಎಂದು ಚೇತನಾ ಸಮಾಧಾನ ಹೇಳಿದಾಗ ನನ್ನ ಹೆಂಡತಿ ವನಜಳ ಕಿವಿಗೆ ಬಿದ್ದದ್ದು 'ಮಗುಚಿದರೆ' ಎಂಬ ಮಾತೊಂದೇ.

ಕಳೆದ ಸಲ ಮಗುಚಲಿಲ್ಲ, ಜಾರಿತು. ತಿರುವಿನಲ್ಲಿ ಹಾದಿ ಬಿಟ್ಟು ಮರಳಿಗೆ ಹೋಗಿ ನಿಂತಿತು. ಮಗಳ ಮಣಿಕಟ್ಟಿಗೆ ಪಟ್ಟಿ ಬಿತ್ತು. ಊರವರ ಕೈಕಾಲು ಸರಿಮಾಡುವವಳು ತನ್ನ ಕೈಯನ್ನೇ ಕೊರಳಿಗೆ ನೇತುಹಾಕಿಕೊಂಡು ರೋಗಿಗಳ ಮುಂದೆ ಓಡಾಡಬೇಕಾಯಿತು. ಪಟ್ಟಿ ಬಿಚ್ಚುವವರೆಗೂ ವನಜ ಏನೂ ಅನ್ನಲಿಲ್ಲ. ಬಿಚ್ಚಿದ ದಿನ, ವಾಸಿಯಾದ ಆ ಕೈಯನ್ನೇ ಹಿಡಿದುಕೊಂಡು ಷರತ್ತು ಹಾಕಿದಳು.

"ರಾಹುಕಾಲದಲ್ಲಿ ಆ ಕಾರು ಓಡಿಸಲ್ಲ ಅಂತ ನನ್ನ ಕೈ ಮೇಲೆ ಕೈಯಿಟ್ಟು ಹೇಳು. ತಪ್ಪಿದ್ರೆ ಕಾರು ಮಾರಿಬುಡ್ಬೇಕು."

ಎಲ್ಲದಕ್ಕೂ ಚೌಕಾಸಿ ಮಾಡುವ ಚೇತನಾ ಇದಕ್ಕೆ ತಕ್ಷಣ ಕೈಯಿಟ್ಟಳು. ನನಗೆ ರಾಹುವಿನಲ್ಲಿ ಅಂಥ ನಂಬಿಕೆಯೇನೂ ಇಲ್ಲ. ಟೈಮ್‌ಟೇಬಲ್ ಇಟ್ಟುಕೊಂಡಿರುವ ಗ್ರಹ ಎಂಬ ಗೌರವವಿದೆ, ಅಷ್ಟೆ. ಆದರೆ ಕೊಟ್ಟ ಮಾತು ಕೊಟ್ಟ ಮಾತೇ.

ಈ ಒಪ್ಪಂದದ ಬೆನ್ನಲ್ಲೇ ಮಗಳು ಒಂದು ಪೆಟ್ಟಿಗೆ ತಂದಳು. ಅದು ಜಿಪಿಎಸ್ ಲ್ಯಾಪ್ ಟೈಮರ್. ಕಾರು ಯಾವ ಗಳಿಗೆಯಲ್ಲಿ ಎಲ್ಲಿತ್ತು, ಎಷ್ಟು ವೇಗದಲ್ಲಿತ್ತು, ಒಂದೊಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೆಲ್ಲ ಉಪಗ್ರಹಗಳ ಸಂಕೇತ ಹಿಡಿದು ಲೆಕ್ಕ ಹಾಕಿ ಬರೆದಿಡುತ್ತದೆ. ಯಾರೋ ಹೊರದೇಶದಲ್ಲಿ ಬಳಸಿ ಮಾರಿದ್ದು. ಬಳಸುವ ಕ್ರಮ ತಿಳಿಸುವ ಪುಸ್ತಕ ಜೊತೆಗಿರಲಿಲ್ಲ. ಎಲ್ಲಿ ತಪ್ಪುತ್ತೇನೆಂದು ಗೊತ್ತಾದರೆ ತಾನೇ ತಿದ್ದಿಕೊಳ್ಳುವುದು ಎಂದಳು. ಹೆಡ್‌ಮಾಸ್ಟರನ್ನು ಒಲಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ವಾಕ್ಯ ಬೇಕಿಲ್ಲ. ಅದನ್ನು ಕಾರಿಗೆ ಕೂರಿಸುವ ಉಸ್ತುವಾರಿಯನ್ನು ನಾನೇ ವಹಿಸಿಕೊಂಡೆ.

ಹೆಬ್ಬಾಳದ ಕಾರ್ಖಾನೆಗಳ ಹಿಂದೆ ನಂಜುಂಡ ಎಂಬ ಮೆಕ್ಯಾನಿಕ್ಕಿನ ಶೆಡ್ಡಿದೆ; ಕಾರು ಇರುವುದು ಅಲ್ಲೇ. ನಂಜುಂಡ ಅಂದವಾಗಿ ಕಾಣಲೆಂದು ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಅಡಿಗೆ ಅಂಟಿಸಿದ. ಪೆಟ್ಟಿಗೆ ಎಷ್ಟು ಹೊತ್ತಾದರೂ ಉಪಗ್ರಹ ಹುಡುಕುತ್ತಲೇ ಇತ್ತು. ಬೆಂಕಿಪೊಟ್ಟಣದಷ್ಟಿರುವ ಆ ಆಂಟೆನಾಕ್ಕೆ ಕೆಳಗೆ ತಗಡು, ಮೇಲೆ ಬರೀ ಆಕಾಶ ಇರಬೇಕು. ಕಾರಿನ ನೆತ್ತಿಯ ಮೇಲೆ ಇಟ್ಟೊಡನೆ ಅದರ ಅಡಿಯ ಅಯಸ್ಕಾಂತ ಟಪ್ಪನೆ ಕಚ್ಚಿಕೊಂಡಿತು, ಪೆಟ್ಟಿಗೆಗೆ ಜೀವ ಬಂತು. ವೈರು ಜೋಲಾಡಬಾರದೆಂದು ಗೇಣಿಗೊಂದು ಕಟ್ಟು ಹಾಕಿಸಿದೆ. ಐದನೆಯ ಕಟ್ಟಿಗೆ ನಂಜುಂಡ ತಲೆಯೆತ್ತಿ, "ಇದು ಕಾರು ಮೇಷ್ಟ್ರೇ, ಜಡೆ ಅಲ್ಲ" ಎಂದ.

ಆ ಪೆಟ್ಟಿಗೆಯ ಜೊತೆ ನನಗೆ ಬೇಗ ಸಲಿಗೆ ಬೆಳೆಯಿತು. ಸುತ್ತು ಎಲ್ಲಿ ಶುರುವಾಯಿತೆಂದು ಅದಕ್ಕೆ ತಿಳಿಯಲು ನೆಲದ ಮೇಲೆ ಏನೂ ಬರೆದಿರಬೇಕಾಗಿಲ್ಲ. ನಕ್ಷೆಯಲ್ಲಿ ಒಂದು ಗೆರೆ ಇದೆ ಎಂದು ಹೇಳಿಕೊಟ್ಟರೆ ಸಾಕು, ಕಾರು ಅದನ್ನು ದಾಟಿದಾಗಲೆಲ್ಲ ಎಣಿಸುತ್ತದೆ. ಭೂಮಧ್ಯರೇಖೆಯಿಂದ ಹಿಡಿದು ಇಲ್ಲದ ಗೆರೆಗಳನ್ನೆಲ್ಲ ಇವೆ ಎಂದು ಮಕ್ಕಳಿಗೆ ಕಲಿಸಿ ಸಂಬಳ ತೆಗೆದುಕೊಂಡವನಿಗೆ ಇದು ಇಷ್ಟವಾಗದೆ ಇದ್ದೀತೆ? ಇನ್ನು ಕಾಲದ ವಿಷಯ. ನಮ್ಮ ಹಿರಿಯರ ಲೆಕ್ಕದಲ್ಲಿ ನಿಮಿಷವೆಂದರೆ ರೆಪ್ಪೆ ಬಡಿಯುವಷ್ಟು ಹೊತ್ತು. ಶಾಲೆಯಲ್ಲಿ ಅದು ಹಿಗ್ಗಿ ಅರವತ್ತು ಸೆಕೆಂಡಾಯಿತು. 'ಒಂದ್ನಿಮಿಷ, ಬಂದೆ' ಎನ್ನುವವರ ಬಾಯಲ್ಲಿ ಇನ್ನೂ ಹಿಗ್ಗಿ ಅರ್ಧ ಗಂಟೆಯಾಗಿದೆ. ಈ ಪೆಟ್ಟಿಗೆಯಾದರೋ ಸೆಕೆಂಡಿಗೆ ಹತ್ತು ಸಲ ಕಾರನ್ನು ಗುರುತಿಸುತ್ತದೆ. ನಿಮಿಷವನ್ನು ಮತ್ತೆ ರೆಪ್ಪೆಯ ಅಳತೆಗೆ ತಂದಿದೆ. ದೇವತೆಗಳು ರೆಪ್ಪೆ ಬಡಿಯುವುದಿಲ್ಲವಾದ್ದರಿಂದ ಅವರಿಗೆ ಅನಿಮಿಷರೆಂದು ಹೆಸರು. ಮೇಲಿರುವ ಉಪಗ್ರಹಗಳೂ ಆ ಜಾತಿಯವೇ. ಮಗಳನ್ನು ಅನಿಮಿಷರು ನೋಡಿಕೊಳ್ಳುತ್ತಿದ್ದಾರೆ ಎಂದು ವನಜಳಿಗೆ ಹೇಳಿದೆ. ಅವಳು ಪೆಟ್ಟಿಗೆಗೆ ಕುಂಕುಮ ಇಡಲು ಮಗಳ ಕೈಗೊಂದು ಪೊಟ್ಟಣ ಕೊಟ್ಟಳು.

ಪೆಟ್ಟಿಗೆ ಕೂರಿಸಿಕೊಂಡು ಹೋದ ಮೊದಲ ಭಾನುವಾರ, ಮಧ್ಯಾಹ್ನ ಊಟದ ಹೊತ್ತಿಗೆ ಚೇತನಾಳ ಫೋನು ಬಂತು. ಓಡಿಸಿ ಮುಗಿಯಿತು, ಕೈಕಾಲು ನೆಟ್ಟಗಿವೆ, ಕಾಡಿನ ದಾರಿ ರಾತ್ರಿ ಮುಚ್ಚುವುದರಿಂದ ಅಲ್ಲೇ ಉಳಿದು ನಾಳೆ ಬರುತ್ತೇನೆ ಎಂದಳು. ಮರುದಿನ ಬಂದವಳು ಪೆಟ್ಟಿಗೆಯ ಮೆಮೊರಿ ಕಾರ್ಡನ್ನು ನನ್ನ ಕೈಗಿತ್ತಳು. ನಕ್ಷೆಯ ಕೆಲಸವೆಂದರೆ ನನಗೆ ಹಬ್ಬವೆಂದು ಅವಳಿಗೆ ಗೊತ್ತು. ಲ್ಯಾಪ್‌ಟಾಪಿನಲ್ಲಿ ತೆರೆದೆ. ಮಗಳು ಹೋದ ಹಾದಿ ತೆರೆಯ ಮೇಲೆ ಬಣ್ಣದ ದಾರದಂತೆ ಬಿದ್ದಿತ್ತು. ಹಿಂದೆ ಜಾರಿದ್ದ ತಿರುವಿನಲ್ಲಿ ಈ ಸಲ ಮುಂಚೆಯೇ ಬ್ರೇಕು ಹಾಕಿದ್ದಳು. ಶಭಾಷ್ ಎಂದುಕೊಂಡೆ. ಆಗ ಕಣ್ಣು ಮೂಲೆಯಲ್ಲಿದ್ದ ಹೊತ್ತಿನ ಮೇಲೆ ಬಿತ್ತು. ಓಟ ಶುರುವಾದದ್ದು ನಾಲ್ಕು ಮೂವತ್ತೊಂದಕ್ಕೆ. ಮುಗಿದದ್ದು ಆರಕ್ಕೆ ಸ್ವಲ್ಪ ಮುಂಚೆ.

ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಕಾಣುವ ಅಂಕಿ. ಆದರೂ ಎದ್ದು ಹೋಗಿ ನೋಡಿ ಬಂದೆ. ಏನು ಹುಡುಕ್ತಿದ್ದೀರಿ ಎಂದು ವನಜ ಕೇಳಿದಳು. ಸಂಕಷ್ಟಿ ಯಾವತ್ತು ಎಂದು ನೋಡುತ್ತಿದ್ದೇನೆ ಎಂದೆ.

ಅಲ್ಲಿಂದ ಮೂರು ದಿನ ನನಗೆ ನಿಜಕ್ಕೂ ಸಂಕಷ್ಟಿಯೇ. ಮಗಳು ರಾಹುಕಾಲದಲ್ಲಿ ಓಡಿಸಿದ್ದು ದೊಡ್ಡದಲ್ಲ. ಸಂಜೆ ಓಡಿಸಲಿಕ್ಕಿದ್ದವಳು ಮಧ್ಯಾಹ್ನವೇ ಮುಗಿಯಿತೆಂದು ಅಮ್ಮನಿಗೆ ಫೋನು ಮಾಡಿದ್ದಳಲ್ಲ, ಅದು ದೊಡ್ಡದು. ಚೇತನಾ ಮಹಾ ಹಟಮಾರಿ, ಆದರೆ ಹುಟ್ಟಿದಂದಿನಿಂದ ನಮಗೆ ಸುಳ್ಳು ಹೇಳಿದವಳಲ್ಲ. ವನಜಳಿಗೆ ಹೇಳಿದರೆ ಕಾರು ಹೋಗುತ್ತದೆ. ಹೇಳದಿದ್ದರೆ ಸುಳ್ಳಿನಲ್ಲಿ ನಾನೂ ಪಾಲುದಾರ. ಮಗಳನ್ನೇ ಕೇಳೋಣವೆಂದರೆ, ಕೇಳಿದ ಮೇಲೆ ಆ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಬುಧವಾರ ಅವಳು ಊಟಕ್ಕೆ ಬಂದಾಗ, ಭಾನುವಾರ ಸಂಜೆ ಅಲ್ಲಿ ಬಿಸಿಲು ಹೇಗಿತ್ತು ಎಂದು ಸುತ್ತು ಬಳಸಿ ಕೇಳಿದೆ. ಗೊತ್ತಿಲ್ಲಪ್ಪ, ಸಂಜೆಯೆಲ್ಲ ನಿದ್ದೆ ಹೊಡೆದೆ ಎಂದು ಹುಳಿಗೆ ತುಪ್ಪ ಹಾಕಿಕೊಂಡಳು. ಎಷ್ಟು ಸಲೀಸಾಗಿ ಹೇಳಿಬಿಟ್ಟಳು ಎಂದುಕೊಂಡು ನಾನು ಮಜ್ಜಿಗೆಗೂ ಕಾಯದೆ ಎದ್ದೆ. ಅಂದು ಮಧ್ಯಾಹ್ನ ಒರಗಿದವನು ಏಳುವ ಹೊತ್ತಿಗೆ ಏಳಲಿಲ್ಲ. ವನಜ ಬಂದು ಹಣೆ ಮುಟ್ಟಿ ನೋಡಿದಳು.

ಆದರೆ ಹೆಡ್‌ಮಾಸ್ಟರಿಗೆ ಒಂದು ನಿಯಮವುಂಟು: ಹುಡುಗನನ್ನು ದಂಡಿಸುವ ಮೊದಲು ಸಾಕ್ಷಿಯನ್ನೂ ವಿಚಾರಿಸಬೇಕು. ಗುರುವಾರ ಬೆಳಗ್ಗೆ ಬಸ್ಸು ಹಿಡಿದು ಹೆಬ್ಬಾಳಕ್ಕೆ ಹೋದೆ. ನಂಜುಂಡನಿಗೆ ಹೇಳಿ ಕಾರನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿಸಿ, ಪೆಟ್ಟಿಗೆ ಚಾಲೂ ಮಾಡಿಸಿದೆ. ಅದು ಆಕಾಶ ನೋಡಿಕೊಂಡು ಹೊತ್ತು ತೋರಿಸಿತು: ಐದು ಗಂಟೆ ಐದು ನಿಮಿಷ. ನನ್ನ ಕೈಗಡಿಯಾರದಲ್ಲಿ ಹತ್ತು ಮೂವತ್ತೈದು.

"ಇದರ ಟೈಮು ತಪ್ಪಲ್ವೇನಪ್ಪ?" ಎಂದೆ.

"ಅದು ಯಾವಾಗ್ಲೂ ಅಂಗೇ ಸಾ," ಎಂದ ನಂಜುಂಡ. "ನಾನೇನು ಅದ್ನ ನೋಡ್ಕಂಡು ಊಟಕ್ಕೋಯ್ತೀನಾ, ಬುಡಿ."

ವ್ಯತ್ಯಾಸ ಐದೂವರೆ ಗಂಟೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ಉಪಗ್ರಹಗಳ ಹೊತ್ತು ಗ್ರೀನ್‌ವಿಚ್ಚಿನದು. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಎಂಬತ್ತೆರಡೂವರೆ ಡಿಗ್ರಿ ರೇಖಾಂಶ, ಡಿಗ್ರಿಗೆ ನಾಲ್ಕು ನಿಮಿಷ. ಮೂವತ್ತು ವರ್ಷ ಎಂಟನೇ ತರಗತಿಯ ಕಪ್ಪುಹಲಗೆಯ ಮೇಲೆ ಈ ಲೆಕ್ಕವನ್ನು ಬಿಡಿಸಿದವನು ನಾನು. ಚೇತನಾ ಓಡಿಸಿದ್ದು ಬೆಳಗ್ಗೆ ಹತ್ತರಿಂದ ಹನ್ನೊಂದೂವರೆಯ ಒಳಗೆ. ತೆರೆಯ ಮೇಲಿದ್ದ ನಾಲ್ಕರ ಮುಂದೆ ಒಂದು ಸೊನ್ನೆಯೂ ಇತ್ತು, ಈಗ ನೆನಪಾಗುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಯಾರು ರೇಸಿಗೆ ಗೇಟು ತೆಗೆಯುತ್ತಾರೆಂದು ಯೋಚಿಸಿ, ನಾನೇ ಧಾರಾಳವಾಗಿ ಅದನ್ನು ಸಂಜೆಗೆ ತಳ್ಳಿದ್ದೆ. ಗ್ರೀನ್‌ವಿಚ್ಚಿನ ನಾಲ್ಕೂವರೆ ಬಂದು ನಮ್ಮ ಅಡಿಗೆಮನೆಯ ಕ್ಯಾಲೆಂಡರಿನ ನಾಲ್ಕೂವರೆಯ ಮೇಲೆ ಅಷ್ಟು ಸರಿಯಾಗಿ ಕೂತಿದ್ದರಿಂದ, ಕಲಿಸಿದ್ದೆಲ್ಲ ಮರೆತು ರಾಹುವೊಬ್ಬನೇ ಕಂಡಿದ್ದ. ಇದೇ ತಪ್ಪನ್ನು ಒಬ್ಬ ಹುಡುಗ ಮಾಡಿದ್ದರೆ ಭೂಪಟದ ಮುಂದೆ ನಿಲ್ಲಿಸುತ್ತಿದ್ದೆ.

ಹೆಗಲಿನಿಂದ ಅಕ್ಕಿಮೂಟೆ ಇಳಿಸಿದ ಹಾಗಾಯಿತು. ಬಯಲಿನಲ್ಲಿ ನಿಂತು ಒಬ್ಬನೇ ನಕ್ಕೆ. ನಂಜುಂಡ ಒಂದು ಸ್ಟೂಲು ತಂದು, ಬಿಸಿಲು ಜಾಸ್ತಿ, ಕೂತ್ಕಳಿ ಸಾ ಎಂದ. ನಾನು ಹೊರಗೆ ಟೀ ಕುಡಿಯುವವನಲ್ಲ, ಅದೂ ಆ ಹೊತ್ತಿನಲ್ಲಿ. ಅವನ ಜೊತೆ ಎರಡು ಲೋಟ ಕುಡಿದೆ.

ಮನೆಗೆ ಬಂದವನೇ ವನಜಳಿಗೆ ಎಲ್ಲವನ್ನೂ ಒಪ್ಪಿಸಿದೆ. ಮೂರು ದಿನದ ಸಂಕಟ, ಬಿಸಿಲಿನ ಪ್ರಶ್ನೆ, ಗ್ರೀನ್‌ವಿಚ್ಚು, ಎಲ್ಲ. ಅವಳು ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸದೆ ಕೇಳಿದಳು.

"ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ರೀ," ಎಂದಳು. "ಅಲ್ಲಿ ಸಂಜೆ ನಾಲ್ಕಕ್ಕೇ ಗೇಟು ಹಾಕ್ಬುಡ್ತಾರಂತೆ. ರಾಹುಕಾಲದಲ್ಲಿ ಓಡಿಸ್ಬೇಕು ಅಂದ್ರೂ ಆಗಲ್ಲ. ಅವಳ ಹತ್ರ ಅದನ್ನ ಕೇಳ್ಕೊಂಡೇ ಆಮೇಲೆ ಮಾತು ತಗೊಂಡೆ."

ನನಗೆ ಅರ್ಥವಾಗಲಿಲ್ಲ. ಹಾಗಿದ್ದ ಮೇಲೆ ಮಾತು ತೆಗೆದುಕೊಂಡದ್ದಾದರೂ ಏಕೆ ಎಂದೆ.

"ಹೋಗಬೇಡ ಅಂದ್ರೆ ಕೇಳೋಳಲ್ಲ. ಹೋಗು ಅನ್ನೋಕೆ ನನ್ನ ಬಾಯಿ ಬರಲ್ಲ. ಏನಾದ್ರೂ ಒಂದು ಹೇಳಿ ಕಳಿಸ್ಬೇಕಲ್ಲ. ಮಕ್ಕಳ ಹತ್ರ ಮುರಿಯೋಕಾಗದಂಥ ಮಾತೇ ತಗೋಬೇಕು ಕಣ್ರೀ. ನೀವು ಸ್ಕೂಲಲ್ಲಿ ತಗೋತಿದ್ರಲ್ಲ, ನಾಳೆಯಿಂದ ಲೇಟಾಗಿ ಬರಲ್ಲ ಅಂತ, ಅದೂ ಒಂದು ಮಾತಾ?"

ನಾನು ಅವಳ ಮುಂದಿನಿಂದ ಒಂದು ಹಿಡಿ ಹುರುಳಿಕಾಯಿ ಎಳೆದುಕೊಂಡು ನಾರು ತೆಗೆಯತೊಡಗಿದೆ.

ಆಮೇಲೆ ಚೇತನಾ ಇನ್ನೆರಡು ಸಲ ಹೋಗಿ ಬಂದಿದ್ದಾಳೆ. ಆ ಭಾನುವಾರಗಳ ಸಂಜೆ, ಕ್ಯಾಲೆಂಡರಿನ ರಾಹುಕಾಲದಲ್ಲಿ, ನಾವಿಬ್ಬರೂ ಜಗಲಿಯಲ್ಲಿ ಕಾಲು ಚಾಚಿ ನಿಶ್ಚಿಂತೆಯಿಂದ ಕಾಫಿ ಕುಡಿಯುತ್ತೇವೆ. ಬೆಳಗ್ಗೆ ಹತ್ತರಿಂದ ಹನ್ನೊಂದೂವರೆಯ ಕಥೆಯೇ ಬೇರೆ. ವನಜ ತೊಳೆದ ಅಕ್ಕಿಯನ್ನೇ ಮತ್ತೆ ತೊಳೆಯುತ್ತಾಳೆ. ನಾನು ಪೇಪರಿನ ಒಂದೇ ಪುಟವನ್ನು ಮೇಲಿನಿಂದ ಕೆಳಕ್ಕೆ ಓದಿ ಮತ್ತೆ ಮೇಲಕ್ಕೆ ಹೋಗುತ್ತೇನೆ. ಇಬ್ಬರೂ ಯಾವ ಶುಭಕಾರ್ಯಕ್ಕೂ ಕೈಹಾಕುವುದಿಲ್ಲ. ಆ ಒಂದೂವರೆ ಗಂಟೆಯನ್ನು ರಾಹುಕಾಲವೆಂದು ಓದಿದವನು ಪೂರ್ತಿ ತಪ್ಪಾಗಿಯೇನೂ ಓದಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅಷ್ಟರಲ್ಲಿ ಫೋನು ಬರುತ್ತದೆ, ಮುಗೀತು ಕಣಮ್ಮ ಎಂದು. ವನಜ ಎದ್ದು ಕುಕ್ಕರಿಗೆ ಅಕ್ಕಿ ಹಾಕುತ್ತಾಳೆ. ಗ್ರಹಣ ಬಿಟ್ಟ ಮನೆಯವರ ಹಾಗೆ, ನಮಗಿಬ್ಬರಿಗೂ ಒಟ್ಟಿಗೇ ಹಸಿವಾಗುತ್ತದೆ.