ಸೊಸೆಯ ಫೋಟೋಕ್ಕೆ ಗಂಧದ ಹಾರ

ಸೊಸೆಯನ್ನು ಸಾಯಿಸೋಣ ಅಂತ ಮೊದಲು ಬಾಯಿ ಬಿಟ್ಟವಳು ನಾನೇ. ಮಗ ಹೇಳಿದ, ಮೊಮ್ಮಗಳು ಹೇಳಿದಳು ಅಂತ ಈಗ ಅವರ ಮೇಲೆ ಹಾಕಿದರೆ ಸುಳ್ಳಾಗುತ್ತದೆ. ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಅವಳ ಎದುರಿಗೇ ಹೇಳಿದೆ.

ನಾವು ಯಾದಗಿರಿ ಕಡೆಯವರು. ಹೈದರಾಬಾದಿಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ನಾನು ಮೂರನೇ ಇಯತ್ತೆ ಓದಿ ಬಿಟ್ಟವಳು, ಹೊತ್ತದ್ದು ಸಿಮೆಂಟಿನ ಬುಟ್ಟಿ. ನನ್ನ ಗಂಡ ತಾರ್ನಾಕದಲ್ಲಿ ಒಂದು ಕಟ್ಟಡದ ಮೂರನೇ ಮಾಳಿಗೆಯಿಂದ ಬಿದ್ದು ಸತ್ತ. ನಾನು ಕೆಳಗೇ ಇದ್ದೆ, ಬುಟ್ಟಿ ತಲೆ ಮೇಲಿತ್ತು. ಮಗ ಈಗ ಮೇಸ್ತ್ರಿ. ಸೊಸೆ ದಿಲ್‌ಸುಖ್‌ನಗರದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅಡಿಗೆ ಮಾಡುತ್ತಾಳೆ. ಆ ಹಾಸ್ಟೆಲಿನ ಹುಡುಗಿಯರೆಲ್ಲ ಹೊರದೇಶಕ್ಕೆ ಹೋಗುವವರೇ. ಆರು ತಿಂಗಳು ಇವಳ ಕೈ ಅನ್ನ ಉಂಡು, ಸಾಂಬಾರು ನೀರು ಅಂತ ಬೈದು, ವಿಮಾನ ಹತ್ತುತ್ತಾರೆ. ತಾಯಿಗೆ ಕಾಯಿಪಲ್ಯೆ ಹೆಚ್ಚಿಕೊಡಲಿಕ್ಕೆ ಹೋಗುತ್ತಿದ್ದ ನನ್ನ ಮೊಮ್ಮಗಳಿಗೂ ಆ ಗಾಳಿ ಬಡಿಯಿತು. ಬಿಎಸ್ಸಿ ಮುಗಿಸಿ, ಮುಂದಿನದು ಹೊರದೇಶದಲ್ಲೇ ಅಂದಳು.

ಹಾಸ್ಟೆಲಿನ ಪಕ್ಕದಲ್ಲೇ ಹೊರದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿ ಇತ್ತು. ಕೋಠಿ ಬಜಾರಿನಲ್ಲಿ ಸೀರೆ ಅಂಗಡಿಯವನು ಒಂದೊಂದೇ ಮಡಿಕೆ ಬಿಚ್ಚಿ ಹಾಕುವ ಹಾಗೆ ಅಲ್ಲಿಯವನು ಒಂದೊಂದು ದೇಶ ತೆಗೆದು ಹಾಕಿದ. ನಾವು ಇನ್ನೂ ಸಸ್ತಾದು ತೋರಿಸು ಅನ್ನುತ್ತಾ ಹೋದೆವು. ಕೊನೆಗೆ ಹೆಸರು ಕೂಡ ನನ್ನ ನಾಲಿಗೆಗೆ ಸಿಗದ ಒಂದು ಚಳಿ ದೇಶ ಸಿಕ್ಕಿತು. ಅಲ್ಲಿನ ಒಂದು ಕಾಲೇಜಿನವರು ಬಹಳ ಕಷ್ಟದಲ್ಲಿರುವ ಕೆಲವರಿಗೆ ಇಡೀ ಫೀಸು ಬಿಡುತ್ತಾರಂತೆ. ಕಷ್ಟ ಏನು ಅಂತ ಬರೆದು ಕಳಿಸಬೇಕು. ಆಮೇಲೆ ಅವರು ವಿಡಿಯೋದಲ್ಲಿ ಮಾತಾಡಿಸುತ್ತಾರೆ.

ಮೊಮ್ಮಗಳು ಇದ್ದದ್ದನ್ನೇ ಬರೆದಳು. ಅಪ್ಪ ಮೇಸ್ತ್ರಿ, ಅವ್ವ ಅಡಿಗೆಯವಳು, ಅಜ್ಜಿ ಬುಟ್ಟಿ ಹೊತ್ತವಳು. ಕನ್ಸಲ್ಟೆನ್ಸಿಯವನು ಓದಿ ತೆಲುಗಿನಲ್ಲಿ ನಕ್ಕ. ಇಂಥವು ತನ್ನ ಮೇಜಿಗೆ ದಿನಾ ಬರುತ್ತವೆ ಅಂದ. ಬಡತನ ಎಲ್ಲರದೂ ಒಂದೇ ಥರ ಇರುತ್ತದಮ್ಮಾ, ಮನೆಯಲ್ಲಿ ಯಾರೂ ಸತ್ತಿಲ್ಲವೇ ಅಂತ ಕೇಳಿದ. ಗಂಡ ಸತ್ತಿದ್ದಾನೆ ಅಂದೆ. ತಾತ ನಡೆಯುವುದಿಲ್ಲ, ತಂದೆಯೋ ತಾಯಿಯೋ ಆಗಬೇಕು ಅಂದ.

ಮನೆಗೆ ಬಂದು ಕೂತೆವು.

"ಆಯಿ, ನೀ ಸತ್ತೀ ಅಂತ ಬರೀಲೇನ?" ಅಂದಳು ಮೊಮ್ಮಗಳು.

"ಬರಿ. ನಾ ಸತ್ರ ಯಾರು ಅಳ್ತಾರ? ಅವ್ರರ ಯಾಕ ಫೀಸು ಬಿಡ್ತಾರ?"

"ಹಂಗಾರ ನಾನ ಸಾಯ್ತೀನಿ ತಗೋರಿ," ಅಂದ ಮಗ.

"ನೀ ಸತ್ರ ಸಹಿ ಮಾಡವ್ರು ಯಾರೋ? ಎಲ್ಲಾ ಕಾಗದಕ್ಕೂ ನಿನ್ನ ಸಹಿ ಬೇಕಂತ." ಒಲೆ ಕಡೆ ಕೈ ಮಾಡಿದೆ. "ಈಕೀನ ಸಾಯಿಸೂಣು. ಈಕಿ ಸಹಿ ಯಾರೂ ಕೇಳಿಲ್ಲ."

ಸೊಸೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದಳು, "ಯಾವ ರೋಗ ಬಂದು ಸಾಯ್ಲಿ ಹೇಳ್ರಿ ಅತ್ತಿ. ನಿಮಗ ಯಾವ್ದು ಸೇರ್ತದ?"

ಎಲ್ಲರೂ ನಕ್ಕೆವು. ಇಪ್ಪತ್ತೈದು ವರ್ಷ ಒಂದೇ ಒಲೆಯ ಮುಂದೆ ಜಗಳಾಡಿದವರು ನಾವು. ಅವತ್ತು ಅವಳು ಸತ್ತಳು ಅಂತ ಬರೆಯುವಾಗ ನನಗೆ ಒಳಗೊಳಗೆ ಹಿತವೂ ಆಯಿತು. ಆಗಿದ್ದನ್ನು ಇಲ್ಲ ಅನ್ನಲಾರೆ.

ವಿಡಿಯೋದಲ್ಲಿ ನಂಬುವ ಹಾಗೆ ಇರಬೇಕಲ್ಲ. ಹಿಂದಿನ ಗೋಡೆಗೆ ಸೊಸೆಯ ಫೋಟೋ ಹಾಕಿ, ಅದಕ್ಕೊಂದು ಗಂಧದ ಹಾರ ಹಾಕಿದರೆ ಬಾಯಿ ಬಿಟ್ಟು ಸುಳ್ಳು ಹೇಳುವುದೇ ಬೇಡ, ನೋಡಿದವರಿಗೆ ತಿಳಿಯುತ್ತದೆ ಅಂತ ನಾನೇ ಹೇಳಿದೆ. ಹಾರ ತರಲಿಕ್ಕೆ ಕೋಠಿಗೆ ಹೋದವಳು ಸೊಸೆ. ಮಗ ಕೆಲಸಕ್ಕೆ ಹೋಗಿದ್ದ, ನನಗೆ ಮೊಣಕಾಲು ನೋವು. ಅಂಗಡಿಯವನು ಯಾರು ಹೋದರು ಅಂತ ಕೇಳಿದನಂತೆ. ನಮ್ಮ ಮನೆಯವಳು ಅಂದಳಂತೆ. ವಯಸ್ಸೆಷ್ಟು ಅಂದನಂತೆ. ತನ್ನ ವಯಸ್ಸು ಹೇಳಿದಳಂತೆ. ಪಾಪ, ಸಣ್ಣ ವಯಸ್ಸು ಅಂತ ಅವನು ಒಳ್ಳೇದು ಹುಡುಕಿ ಕೊಟ್ಟ. ಬಂದು ಇದನ್ನೆಲ್ಲ ಹೇಳಿ, ಸ್ಟೂಲು ಹತ್ತಿ, ತನ್ನ ಫೋಟೋಕ್ಕೆ ತಾನೇ ಹಾರ ಹಾಕಿ, ಕೆಳಗಿಳಿದು ಕೇಳಿದಳು, "ಸೊಟ್ಟ ಆಗೇತೇನ ನೋಡವ್ವಾ?"

"ಎಡಕ್ಕ ಸ್ವಲ್ಪ ಜಗ್ಗು," ಅಂದಳು ಮೊಮ್ಮಗಳು.

ವಿಡಿಯೋ ಮಧ್ಯಾಹ್ನ ಬಂತು. ಸೊಸೆ ಅಡಿಗೆಮನೆಯ ಪರದೆ ಹಿಂದೆ ನಿಂತಳು. ಕುಕ್ಕರು ಕೂಗಬಾರದು ಅಂತ ಗ್ಯಾಸು ಆರಿಸಿದ್ದಳು. ನಾನು ಮೊಮ್ಮಗಳ ಪಕ್ಕ ಕೂತೆ. ಮಾತಾಡಿದವಳು ಬಿಳಿ ಕೂದಲಿನ ಹೆಂಗಸು, ನನ್ನದೇ ವಯಸ್ಸಿರಬೇಕು. ಅವಳ ಕಣ್ಣು ಫೋಟೋದ ಮೇಲೆ ಹೋಯಿತು. ಹಾರ ನೋಡಿ ಮುಖ ಅರಳಿಸಿ, ಎರಡೂ ಕೈ ಕೂಡಿಸಿ ಏನೋ ಹೇಳಿದಳು. ಮೊಮ್ಮಗಳ ಮುಖ ಬೆಳ್ಳಗಾಯಿತು.

ಆಮೇಲೆ ತಿಳಿಯಿತು. ನಾವು ಬರೆದು ಕಳಿಸಿದ್ದನ್ನು ಓದಿದವರು ಬೇರೆಯಂತೆ, ಮಾತಾಡಿಸಿದ ಈಕೆ ಅದನ್ನು ಇನ್ನೂ ನೋಡಿರಲಿಲ್ಲವಂತೆ. ಎಷ್ಟು ಚೆಂದದ ಮಾಲೆ, ಇವತ್ತು ನಿಮ್ಮ ತಾಯಿಯ ಹುಟ್ಟಿದ ಹಬ್ಬವೇ, ಮನೆಯಲ್ಲಿದ್ದರೆ ಕರೆಯಿರಿ, ನಾನೂ ಶುಭ ಹೇಳುತ್ತೇನೆ ಅಂದಳಂತೆ. ಫೋಟೋಕ್ಕೆ ಹಾರ ಹಾಕಿದರೆ ಸತ್ತರು ಅಂತ ಆ ದೇಶದವರಿಗೆ ಏನು ಗೊತ್ತು? ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಬಾಯಿ ಬಿಟ್ಟು ಹೇಳುವುದು ಬೇಡ ಅಂತ ಹಾರ ಹಾಕಿದರೆ, ಆ ಹಾರವೇ ಬಾಯಿ ಬಿಡಿಸಿತು.

ಮೊಮ್ಮಗಳು ಹೇಳಿದಳು. ಮದರ್, ಡೆಡ್ ಅನ್ನುವುದು ನನಗೂ ತಿಳಿಯುತ್ತದೆ. ಆ ಹೆಂಗಸು ಬಾಯಿ ಮೇಲೆ ಕೈ ಇಟ್ಟುಕೊಂಡು ಮತ್ತೇನೋ ಕೇಳಿದಳು. ಹೇಗೆ ಸತ್ತಳು ಅಂತ ಇರಬೇಕು. ಅದಕ್ಕೆ ನಾವು ತಯಾರಿ ಮಾಡಿರಲಿಲ್ಲ. ಹುಡುಗಿ ಒಂದು ಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾ ಕೈ ಮೇಲೆತ್ತಿ, ಮೂರು ಬೆರಳು ತೋರಿಸಿ, ಆ ಕೈಯನ್ನು ಕೆಳಗೆ ಬೀಳಿಸಿದಳು. ತಲೆ ಮೇಲೆ ಬುಟ್ಟಿ ಹೊತ್ತವರ ಹಾಗೆಯೂ ಕೈ ಇಟ್ಟು ತೋರಿಸಿದಳು.

ನನ್ನ ಗಂಡನ ಸಾವನ್ನು ಎತ್ತಿ ತಾಯಿಗೆ ಕೊಟ್ಟಳು. ಅವಳು ಸಣ್ಣವಳಿದ್ದಾಗ ನಾನು ಹೇಳಿದ್ದು, ಹೇಳಿದ ಹಾಗೇ. ಆ ಹೆಂಗಸು ಕಣ್ಣು ಒರೆಸಿಕೊಂಡಳು. ನಾನೂ ಅತ್ತೆ. ಅದರಿಂದ ಕೆಲಸ ಇನ್ನೂ ಗಟ್ಟಿಯಾಯಿತು.

ಹದಿನೈದು ದಿನಕ್ಕೆ ಮೇಲ್ ಬಂತು. ಸೀಟು ಸಿಕ್ಕಿದೆ, ಫೀಸು ಪೂರಾ ಮಾಫು, ಈ ತಿಂಗಳೊಳಗೆ ತಾಯಿಯ ಡೆತ್ ಸರ್ಟಿಫಿಕೇಟ್ ಕಳಿಸಿ ಅಂತ. ಕನ್ಸಲ್ಟೆನ್ಸಿಯವನು ಸರ್ಟಿಫಿಕೇಟ್ ಮಾಡಿಸುವವನು ಒಬ್ಬ ಇದ್ದಾನೆ, ತಾಯಿಯ ಆಧಾರ್ ಕಾರ್ಡು ತನ್ನಿ ಅಂದ. ಸೊಸೆ ಆಗಲೇ ಟ್ರಂಕಿನಿಂದ ತೆಗೆದು ಟಿವಿ ಮೇಲೆ ಇಟ್ಟಿದ್ದಳು.

ನಾನು ಅದನ್ನು ಎತ್ತಿ ಕುಪ್ಪಸದೊಳಗೆ ಇಟ್ಟುಕೊಂಡೆ.

ಹಾರ ಬೇರೆ, ಕಾಗದ ಬೇರೆ. ಒಂದು ಸಲ ನನ್ನ ವಿಧವಾ ಪಿಂಚಣಿ ನಿಂತಿತು. ಕೇಳಲಿಕ್ಕೆ ಹೋದರೆ, ನೀನು ಸತ್ತಿದ್ದೀಯ ಅಂತ ಲಿಸ್ಟಿನಲ್ಲಿದೆ ಅಂದರು. ನಿಮ್ಮ ಮುಂದೆ ನಿಂತಿದ್ದೇನಲ್ಲ ಅಂದೆ. ನಿಂತರೆ ಆಗುವುದಿಲ್ಲವ್ವಾ, ಬದುಕಿದ್ದೀಯ ಅಂತ ಕಾಗದ ತಾ ಅಂದರು. ಒಂದು ಮಳೆಗಾಲ, ಒಂದು ಚಳಿಗಾಲ ಅಲೆದೆ. ಗಂಡ ಬಿದ್ದಾಗಲೂ ನಾನು ಹಾಗೆ ಕೈ ಮುಗಿದಿರಲಿಲ್ಲ.

ಮಗ ಬೈದ. ಮೊಮ್ಮಗಳು ಕಾಲು ಹಿಡಿದಳು, "ಆಯೀ, ಬರೇ ಒಂದು ಕಾಗದ. ಅಲ್ಲಿ ಯಾರು ಬಂದು ನೋಡ್ತಾರ?"

"ಅಲ್ಲಿ ನೋಡಂಗಿಲ್ಲ. ಇಲ್ಲಿ ನೋಡ್ತಾರ."

ಎಲ್ಲರಿಗಿಂತ ಹೆಚ್ಚು ಕಾಡಿದವಳು ಸೊಸೆ. ನಾನು ಸ್ನಾನಕ್ಕೆ ಹೋದಾಗ ಬಾಗಿಲು ಬಡಿದಳು. "ಕೊಡ್ರಿ ಅತ್ತಿ. ನಾ ಸತ್ತೀನಂತ ಬರದ್ರ ನನಗೇನ್ ನೋಯ್ತದೇನ್ರಿ? ಸಾಯಿಸೂಣು ಅಂದಾಕಿ ನೀವ. ಈಗ ಯಾಕ ಜೀವಾ ಉಳಿಸಾಕತ್ತೀರಿ?"

ನಾನು ಮೈಮೇಲೆ ನೀರು ಹೊಯ್ದುಕೊಂಡೆ, ಕಾರ್ಡು ಕೊಡಲಿಲ್ಲ. ತಿಂಗಳು ಕಳೆಯಿತು. ಸೀಟು ಹೋಯಿತು.

ಸೀಟು ರದ್ದಾಯಿತು ಅಂತ ಮೇಲ್ ಬಂದ ದಿನ ಮೊಮ್ಮಗಳು ಊಟಕ್ಕೆ ಕೂತು, ತಟ್ಟೆ ಮುಟ್ಟದೆ, ತಾಯಿಯ ಮುಖವನ್ನೇ ನೋಡುತ್ತಾ ಹೇಳಿದಳು, "ನೀ ಖರೇನ ಸತ್ತಿದ್ರ ಕಾಗದ ಪುಕ್ಕಟೆ ಸಿಗ್ತಿತ್ತು."

ನನ್ನ ಕೈ ಎದ್ದಿತ್ತು. ಸೊಸೆ ನನ್ನ ಕೈ ಹಿಡಿದು ಕೆಳಗಿಟ್ಟು, ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಆರತೈತಿ, ಉಣ್ಣು," ಅಂದಳು. ಹುಡುಗಿ ಉಂಡಳು.

ಸೊಸೆ ನನ್ನನ್ನು ಕ್ಷಮಿಸಿಲ್ಲ. ಬದುಕಿಸಿದಿರಿ ಅಂತ ಒಂದು ಮಾತೂ ಇಲ್ಲ. ಮಗಳ ದಾರಿಗೆ ಅಡ್ಡ ಬಿದ್ದ ಮುದುಕಿ ಅಂತ ಓಣಿಗೆಲ್ಲ ಹೇಳಿದ್ದಾಳೆ. ಮೊಮ್ಮಗಳು ಈಗ ಅದೇ ಕನ್ಸಲ್ಟೆನ್ಸಿಯಲ್ಲಿ ಕೂತು ಬೇರೆ ಮಕ್ಕಳ ಕಷ್ಟ ಬರೆದುಕೊಡುತ್ತಾಳೆ. ಚೆನ್ನಾಗಿ ಬರೆಯುತ್ತಾಳಂತೆ.

ಹಾರ ಗೋಡೆ ಮೇಲೇ ಇತ್ತು, ಯಾರೂ ತೆಗೆಯಲಿಲ್ಲ. ಮೊನ್ನೆ ನಾನೇ ಸ್ಟೂಲು ಹತ್ತಿ ತೆಗೆದು ನನ್ನ ಪೆಟ್ಟಿಗೆಯಲ್ಲಿ ಇಟ್ಟೆ. ನಾನು ಸತ್ತಾಗ ಇದನ್ನೇ ಹಾಕಿರಿ, ಹೊಸದು ತರಬೇಡಿ ಅಂದೆ.

ಮೊಮ್ಮಗಳು ಫೋನಿನಿಂದ ತಲೆ ಎತ್ತದೆ ಕೇಳಿದಳು, "ಅವತ್ತರ ನಿನ್ನ ಆಧಾರ್ ಕಾರ್ಡು ಕೊಡ್ತೀಯೋ ಇಲ್ಲೋ ಆಯಿ?"

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.