ಬಯಲಿಗೆ ಹೋದ ಕಳಕಪ್ಪ

ಬಯಲುಶೌಚ ಮಾಡಿದ್ದಕ್ಕೆ ಹಾರ ಹಾಕಿಸಿಕೊಂಡು, ಹಾರ ಹಾಕಿದವರಿಗೇ ವಂದನಾರ್ಪಣೆ ಮಾಡಿದ ಮನುಷ್ಯನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಅವನು ನಮ್ಮ ಗಜೇಂದ್ರಗಡದ ನೇಕಾರ ಕಳಕಪ್ಪ. ಶೌಚವನ್ನಂತೂ ಅವನು ಮಾಡಿರಲಿಲ್ಲ.

ನಡೆದದ್ದಿಷ್ಟು. ಗುಡ್ಡದ ಆಚೆಯ ಒಂದು ಹಳ್ಳಿಯಲ್ಲಿ ಬಯಲಿಗೆ ಹೋಗುವವರನ್ನು ನಾಚಿಸಿ ಸರಿದಾರಿಗೆ ತರಲು ಸೀಟಿ ಪಡೆ ಕಟ್ಟಿದ್ದರು. ನಸುಕಿನಲ್ಲಿ ಕಂಟಿಗಳ ಹತ್ತಿರ ಕಾಯುವುದು, ಯಾರಾದರೂ ತಂಬಿಗೆ ಹಿಡಿದು ಬಂದರೆ ಸೀಟಿ ಊದುವುದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಫೋಟೋ ತೆಗೆಯುವುದು. ಆ ದಿನ ಸಿಕ್ಕವನು ಕಳಕಪ್ಪ. ಪುರಾವೆಗಳೆಲ್ಲ ಅವನ ವಿರುದ್ಧವೇ ಇದ್ದವು. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಜಾಲಿಕಂಟಿಯೊಳಗಿಂದ ಬಗ್ಗಿಕೊಂಡು ಹೊರಗೆ ಬಂದಿದ್ದ. ಕೈಯಲ್ಲಿ ನೀರಿನ ಬಾಟಲಿ, ಅದೂ ಅರ್ಧ ಖಾಲಿ. ಕೊರಳಲ್ಲಿ ನೇತಾಡುತ್ತಿದ್ದ ದುರ್ಬೀನು ಪ್ರಕರಣವನ್ನು ಇನ್ನಷ್ಟು ಕೆಡಿಸಿತು.

"ಹಕ್ಕಿ ನೋಡಾಕ ಬಂದಿದ್ನಿರಿ," ಅಂದ.

"ಎಲ್ಲಾರೂ ಹಿಂಗ ಏನರ ಒಂದ ಅಂತಾರ," ಅಂದಳು ಪಡೆಯ ಮುಂದಾಳು ಹೆಂಗಸು. "ಮೊನ್ನೆ ಒಬ್ಬಾಂವ ಕಳದ ಎಮ್ಮಿ ಹುಡುಕಾಕ ಬಂದೀನಿ ಅಂದ. ಎಮ್ಮಿ ಹುಡುಕಾಕ ತಂಬಗಿ ಯಾಕ ಬೇಕ್ರಿ?"

ಕಳಕಪ್ಪ ವಾದ ಮಾಡಲಿಲ್ಲ. ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡ, ಫೋಟೋಕ್ಕೆ ನೆಟ್ಟಗೆ ನಿಂತ, ಆಮೇಲೆ ಕೈ ಮುಗಿದು ಭಾಷಣಕ್ಕೆ ಶುರು ಹಚ್ಚಿದ. "ಹದಿನೈದ ವರ್ಷ ಆತ್ರಿ, ತಪ್ಪದ ಬೈಲಿಗೆ ಬರಾಕ ಹತ್ತೀನಿ. ನಮ್ಮೂರಾಗ ಒಬ್ರೂ ಗುರ್ತಿಸಲಿಲ್ಲ. ನೀವು ಗುರ್ತಿಸಿದ್ರಿ. ಭಾಳ ಉಪಕಾರ ಆತ್ರಿ." ಸೀಟಿ ಪಡೆಯವರಲ್ಲಿ ಇಬ್ಬರು ಚಪ್ಪಾಳೆಯನ್ನೂ ತಟ್ಟಿದರಂತೆ. ಅವನು ಗುಡ್ಡ ಇಳಿದು ಮನೆ ಮುಟ್ಟುವ ಮೊದಲೇ ಫೋಟೋ ಊರಿನವರ ಮೊಬೈಲು ಮುಟ್ಟಿತ್ತು. ಹಾರವನ್ನು ಅವನು ಮಗ್ಗದ ಮೇಲೆ ತೂಗುಹಾಕಿ, ಎಸಳು ಉದುರುವ ತನಕ ಇಟ್ಟುಕೊಂಡಿದ್ದ.

ಕಳಕಪ್ಪನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯಬೇಕು. "ವಾರದಾಗ ಆರು ದಿನ ಅರ್ಧಾ ಹೂಳಿಸಿಕೊಂಡು ಕುಂದರ್ತೀನ್ರಿ," ಅನ್ನುತ್ತಿದ್ದ. "ಏಳನೇ ದಿನಾ ಆದ್ರೂ ಪೂರಾ ಮನಶ್ಯಾ ಆಗಬ್ಯಾಡೇನು?" ಆ ಏಳನೇ ದಿನ ಅವನನ್ನು ಮನೆಯಲ್ಲಿ ಹಿಡಿದಿಡಲು ಯಾರಿಂದಲೂ ಆಗುತ್ತಿರಲಿಲ್ಲ. ಗುಡ್ಡ ಹತ್ತುವನು, ಸೂಡಿ ಊರಿನ ತನಕ ಹೊಲದ ಬದುವಿನ ಮೇಲೇ ನಡೆದು ಹೋಗಿ ಹಳೆಯ ಬಾವಿಯ ಮೆಟ್ಟಿಲ ಮೇಲೆ ರೊಟ್ಟಿ ತಿಂದು ಬರುವನು. ಅಬ್ಬಿಗೇರಿಯ ಎರೆಹೊಲದಲ್ಲಿ ಒಮ್ಮೆ ಮಳೆಗಾಲದಲ್ಲಿ ಮೊಣಕಾಲ ತನಕ ಸಿಕ್ಕಿಬಿದ್ದು, ಎಳೆಯಲು ಬಂದವರಿಗೆ "ಸ್ವಲ್ಪ ತಡೀರಿ, ಟಿಟ್ಟಿಭ ತತ್ತಿ ಮ್ಯಾಲೆ ಕುಂತೈತಿ, ಎದ್ದು ಹೋದೀತು" ಎಂದು ಪಿಸುಮಾತಿನಲ್ಲಿ ಬೈದು ಕಳಿಸಿದ್ದ.

ಹಕ್ಕಿಗಳಿಗೆ ಪುಸ್ತಕದೊಳಗಿರುವ ಹೆಸರುಗಳು ಅವನಿಗೆ ಹೆಚ್ಚು ಗೊತ್ತಿರಲಿಲ್ಲ. ಊರಿನವರ ಹೆಸರನ್ನೇ ಇಟ್ಟುಬಿಟ್ಟಿದ್ದ. "ನಿಮ್ಮ ಮಾವಾರು ಕುಂತಾರ ನೋಡ್ರಿ, ತಂತಿ ಮ್ಯಾಲೆ" ಅಂದರೆ ನಾನು ಗಾಬರಿಯಾಗಿ ಮೇಲೆ ನೋಡಬೇಕು. ಅಲ್ಲೊಂದು ಸಿಡುಕು ಮೋರೆಯ ಹಕ್ಕಿ ಬೆನ್ನು ತಿರುಗಿಸಿ ಕುಳಿತಿರುತ್ತಿತ್ತು, ಮತ್ತು ಖರೇ ಹೇಳಬೇಕೆಂದರೆ ನನ್ನ ಮಾವನೇ ಕುಳಿತ ಹಾಗೆ ಇರುತ್ತಿತ್ತು. ನನ್ನ ಹೆಸರಿನದೂ ಒಂದಿತ್ತು. ಬೆದರಿದರೂ ಹಾರದೆ, ಹತ್ತು ಹೆಜ್ಜೆ ಉರುಳಿದಂತೆ ಓಡಿ ಮತ್ತೆ ಹುಲ್ಲಿನಲ್ಲಿ ಕೂತುಬಿಡುವ ಗುಂಡನೆಯ ಗೌಜಲಹಕ್ಕಿ. ನಾನು ಸಿಟ್ಟಾಗಲಿಲ್ಲ. ನನ್ನ ಮೈ ನನಗೆ ಗೊತ್ತು. ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ; ಇಪ್ಪತ್ತು ವರ್ಷ ಕುರ್ಚಿ ಬಿಟ್ಟು ಎದ್ದವನಲ್ಲ.

ಅವನ ಮದುವೆಯ ಮಾತುಕತೆಗೆ ನಾನೂ ಜೊತೆಗೆ ಹೋಗಿದ್ದೆ. ಹುಡುಗಿ ನರೇಗಲ್ಲಿನವಳು, ಗಿರಿಜಾ. ಅವಲಕ್ಕಿ, ಚಹಾ ಎಲ್ಲ ಆದ ಮೇಲೆ ಹುಡುಗಿಯ ಅಪ್ಪ ಮೆಲ್ಲಗೆ ಕೇಳಿದರು, "ಚಟಾ ಗಿಟಾ ಏನರ ಅದಾವೇನ್ರಿ?"

"ಒಂದೂ ಇಲ್ರಿ. ಸೂಟಿ ಸಿಕ್ರ ಬೈಲಾಗ ಇರ್ತೀನ್ರಿ, ಅಷ್ಟ."

ಹಿರಿಯರು ಸ್ವಲ್ಪ ಮುಂದೆ ಬಾಗಿದರು. "ಎಷ್ಟೊತ್ತು ಇರ್ತೀರಿ?"

"ಒಮ್ಮೊಮ್ಮೆ ಮುಂಜಾನೆ ಹೋದ್ರ ಸಂಜೀತನಾರಿ."

"ದವಾಖಾನಿಗೆ ತೋರಿಸಿಲ್ಲೇನ್ರಿ?"

"ತೋರಸೂದೇನೈತ್ರಿ ಇದರಾಗ? ಸಣ್ಣಾಂವ ಇದ್ದಾಗಿಂದ ಹಿಂಗ ಐತಿ. ಮನ್ಯಾಗ ಕುಂತ್ರ ನನಗ ಸಮಾಧಾನ ಆಗಂಗಿಲ್ರಿ. ಇವ್ರನ್ನೂ ಕರಕೊಂಡು ಹೋಗ್ತಿರ್ತೀನಿ," ಎಂದು ನನ್ನ ಕಡೆ ಕೈ ತೋರಿಸಿದ.

ಆ ಹಿರಿಯರು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಒಳಗೆ ಬಾಗಿಲ ಹಿಂದೆ ಯಾರೋ ನಗು ತಡೆಯಲಾಗದೆ ಕೆಮ್ಮಿದರು, ಕೆಮ್ಮು ಮತ್ತೆ ನಗುವೇ ಆಯಿತು, ಕೈಯಲ್ಲಿದ್ದ ಸ್ಟೀಲಿನ ತಾಟು ಧಡಾರನೆ ನೆಲಕ್ಕೆ ಬಿತ್ತು. ಅದು ಗಿರಿಜಾ. ನಾಲ್ಕು ದಿನದ ಮೇಲೆ ಅಲ್ಲಿಂದ ಹೇಳಿಕಳಿಸಿದರು: ಹುಡುಗಿ ಕೊಟ್ಟರೆ ಆ ಬೈಲಿನವನಿಗೇ ಕೊಡ್ರಿ ಅಂತಾಳೆ, ನಮ್ಮದೇನೂ ನಡೆಯೋದಿಲ್ಲ ಎಂದು.

ಇಷ್ಟಾದ ಮೇಲೂ ಅವನು ಗುಡ್ಡ ತಿರುಗುವವರದೊಂದು ಸಂಘ ಕಟ್ಟಿ ಅದಕ್ಕೆ 'ಬಯಲು ಬಳಗ' ಎಂದೇ ಹೆಸರಿಟ್ಟ. ನೋಂದಣಿಯ ಅರ್ಜಿ ಟೈಪು ಮಾಡಿಸಲು ನನ್ನ ಅಂಗಡಿಗೆ ಬಂದಾಗ ನಾನು ಕೈಮುಗಿದು ಕೇಳಿಕೊಂಡೆ. "ಕಳಕಪ್ಪಾ, ನಮ್ಮ ಕಡೆ ಬೈಲಕಡಿ ಹೋಗೂದು ಅಂದ್ರ ಒಂದ ಅರ್ಥ. ಹಸಿರು ಬಳಗ ಅನ್ನು, ಗುಡ್ಡದ ಗೆಳೆಯರು ಅನ್ನು, ಏನರ ಅನ್ನು."

"ಬೈಲು ಅಂದ್ರ ಬೈಲು ರಿ ಶೇಖರಣ್ಣಾರ. ಚಲೋ ಶಬ್ದ ಅದು. ಮಂದಿ ಹೊಲಸ ಮಾಡಿ ಇಟ್ಟಾರ. ನಾವು ತೊಳದು ಇಡೂಣು."

ಶಬ್ದ ತೊಳೆಯಲು ಮಂದಿ ಬೇಕಲ್ಲ. ಅವನಿಗೆ ಬೇಕಾಗಿದ್ದದ್ದು ಅದೊಂದೇ: ಜೊತೆಗೆ ನಡೆಯುವ ಮಂದಿ. ಒಬ್ಬನೇ ಎಷ್ಟೇ ನೋಡಲಿ, ನೋಡಿದ್ದನ್ನು ಅಲ್ಲೇ ಪಕ್ಕದವರಿಗೆ ತೋರಿಸದಿದ್ದರೆ ಅವನಿಗೆ ಅದು ಕಂಡಂತೆಯೇ ಆಗುತ್ತಿರಲಿಲ್ಲ. ಪ್ರತಿ ರವಿವಾರ ಮುಂಜಾನೆ ಆರಕ್ಕೆ ಎಲ್ಲರಿಗೂ ಫೋನು ಮಾಡುವನು. ನಾನು ಒಂದು ವಾರ ನೆಗಡಿ ಎನ್ನುವೆ, ಇನ್ನೊಂದು ವಾರ ಬೀಗರು ಬಂದಾರ ಎನ್ನುವೆ. "ಹೌದ್ರಿ? ಆರಾಮ ಮಾಡ್ರಿ" ಎಂದು ಅವನು ಖರೇ ನಂಬುತ್ತಿದ್ದ. ಸಂಜೆ ಅಂಗಡಿಗೆ ಬಂದು "ನೆಗಡಿ ಹ್ಯಾಂಗೈತ್ರಿ?" ಎಂದು ವಿಚಾರಿಸುತ್ತಲೂ ಇದ್ದ. ನಾನು ಒಂದು ಸುಳ್ಳು ಕೆಮ್ಮು ಕೆಮ್ಮುತ್ತಿದ್ದೆ.

ವರ್ಷವೆಲ್ಲ ಕಾಡಿ ಬೇಡಿ ಒಮ್ಮೆ ನನ್ನನ್ನೂ ಸೇರಿಸಿ ನಾಲ್ಕು ಜನರನ್ನು ನರಗುಂದದ ಗುಡ್ಡಕ್ಕೆ ಹೊರಡಿಸಿದ. ಬ್ಯಾನರ್ ಮಾಡಿಸಿದ್ದ: 'ಬಯಲು ಬಳಗ, ಗಜೇಂದ್ರಗಡ. ಎಲ್ಲರೂ ಬನ್ನಿ, ಬಯಲಿಗೆ ಹೋಗೋಣ.' ನರಗುಂದದಲ್ಲಿ ಬಸ್ಸಿಳಿದು ಮಿರ್ಚಿ ಭಜಿ ತಿನ್ನಲು ಕೂತಾಗ ಅಂಗಡಿಯವನು ಬ್ಯಾನರನ್ನು ಎರಡು ಸಲ ಓದಿದ. ಐದೂ ಜನರ ಮುಖ ನೋಡಿದ. ಆಮೇಲೆ ಬಹಳ ಮರುಕದಿಂದ ಹತ್ತಿರ ಬಂದು ಹೇಳಿದ: "ಗಜೇಂದ್ರಗಡದಿಂದ ಇಷ್ಟು ದೂರ ಬಂದೀರಿ? ಗುಡ್ಡಾ ಯಾಕ್ ಹತ್ತತೀರ್ರಿ, ಬಸ್ ಸ್ಟ್ಯಾಂಡ್ ಹಿಂದ ಚಲೋ ಕಟ್ಟ್ಯಾರ. ನೀರೂ ಐತಿ."

ನಾವು ನಾಲ್ವರು ತಲೆ ಎತ್ತಲಿಲ್ಲ. ಕಳಕಪ್ಪ ಮಾತ್ರ ಅವನನ್ನು ಪಕ್ಕಕ್ಕೆ ಕೂಡಿಸಿಕೊಂಡು ಅರ್ಧ ತಾಸು ಹಕ್ಕಿ, ಹುಲ್ಲು, ಗಾಳಿ ಎಲ್ಲ ವಿವರಿಸಿದ. ಅಂಗಡಿಯವನು ಹೂಂ ಹೂಂ ಎಂದು ಕೇಳಿ, "ಆದ್ರೂ ಹೋಗಿ ಬರ್ರಿ, ಸಂಕೋಚ ಬ್ಯಾಡ" ಎಂದ. ಗುಡ್ಡದ ಅರ್ಧದಲ್ಲಿ ಕಳಕಪ್ಪ ಎದೆ ತಿಕ್ಕಿಕೊಳ್ಳುತ್ತ ನಿಂತ. ಅವನು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಮಿರ್ಚಿ ರಿ," ಅಂದ. ನಾವೂ ಮಿರ್ಚಿ ಅಂತಲೇ ನಂಬಿದೆವು. ನಮಗೂ ಕೂತುಕೊಳ್ಳಲು ಒಂದು ನೆಪ ಬೇಕಾಗಿತ್ತು. ಮೇಲೆ ಮುಟ್ಟಿದಾಗ ಸುತ್ತಲೂ ಎರೆಭೂಮಿ, ಕಡಲೆ ಬಿತ್ತಿದ ಹೊಲಗಳು, ಕೊನೆಯಿಲ್ಲದ ಆಕಾಶ. ಅವನು ನಮ್ಮ ನಾಲ್ವರ ಮುಖವನ್ನೇ ಒಂದೊಂದಾಗಿ ನೋಡುತ್ತ ನಿಂತಿದ್ದ, ಅಡಿಗೆ ಬಡಿಸಿದವರು ಉಣ್ಣುವವರ ಮುಖ ನೋಡುವ ಹಾಗೆ.

ಇನ್ನು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ.

ಆ ರವಿವಾರವೂ ಆರಕ್ಕೆ ಫೋನು ಬಂತು. "ಇವತ್ತ ಮ್ಯಾಲೆ ಹೋಗೂದ ಬ್ಯಾಡ್ರಿ, ಬರೇ ಕೆಳಗಿನ ದಿನ್ನಿ ತನಕ ಬರ್ರಿ. ನನಗೂ ಯಾಕೋ ಸುಸ್ತ ಐತಿ." ನಾನು ಮೊಣಕಾಲು ಹಿಡಿದೈತಿ ಅಂದೆ. ಎಣ್ಣಿ ಹಚ್ಚಿ ಬಿಸಿನೀರು ಹಾಕಿಕೊಳ್ಳಿ ಅಂದ. ನಾನು ಇನ್ನೊಂದು ತಾಸು ಮಲಗಿ, ಎದ್ದು, ಹೆಂಡತಿಯನ್ನು ಬೈಕಿನ ಹಿಂದೆ ಕೂಡಿಸಿಕೊಂಡು ನೆಂಟರ ಮನೆಯ ಬಸುರಿಯ ಕುಬಸಕ್ಕೆಂದು ನರೇಗಲ್ಲಿಗೆ ಹೊರಟೆ. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ, ರಸ್ತೆಯಿಂದ ಅಷ್ಟು ದೂರದ ದಿನ್ನೆಯಲ್ಲಿ, ಜಾಲಿಕಂಟಿಯ ಮರೆಗೆ ಯಾರೋ ತುದಿಗಾಲಲ್ಲಿ ಕುಕ್ಕರಿಸಿ ಕೂತದ್ದು ಕಂಡಿತು. ತಲೆ ಮೊಣಕಾಲಿಗೆ ಹತ್ತಿತ್ತು. ಒಂದು ಕೈ ಮೇಲೆದ್ದು ಇಳಿಯಿತು. ನೊಣ ಹೊಡೆಯುತ್ತಿರಬೇಕು ಅಂದುಕೊಂಡೆ.

"ಆ ಕಡಿ ನೋಡಬ್ಯಾಡ್ರಿ," ಅಂದಳು ಹೆಂಡತಿ. "ಯಾರೋ ಕುಂತಾರ."

ಹಾಗೆ ಕುಂತವರು ಕಂಡರೆ ಮಾರಿ ತಿರುವಬೇಕು. ಇದು ನಮಗೆ ಚಿಕ್ಕಂದಿನಿಂದ ಬಂದ ಮರ್ಯಾದೆ. ತಿರುವಿದೆ.

ನಾನೊಬ್ಬನೇ ಅಲ್ಲ ಎಂದು ಆಮೇಲೆ ತಿಳಿಯಿತು. ಕಳೆ ತೆಗೆಯಲು ಹೊರಟಿದ್ದ ಹೆಣ್ಣುಮಕ್ಕಳು ಸೆರಗು ಮುಖಕ್ಕೆ ಎಳೆದುಕೊಂಡು ದಾಟಿದ್ದರು. ಹಾಲಿನ ಗಾಡಿಯವನು ಹಾಡು ಜೋರು ಮಾಡಿಕೊಂಡು ಹೋಗಿದ್ದ. ಅಷ್ಟೂ ಮಂದಿ ಸುಶೀಲರು. ಕೊನೆಗೆ ಕಳಕಪ್ಪನನ್ನು ಕಂಡುಹಿಡಿದದ್ದು ಕುರಿಗಳು. ಅವುಗಳಿಗೆ ನಮ್ಮ ಮರ್ಯಾದೆ ಗೊತ್ತಿಲ್ಲ, ನೇರ ಹೋಗಿ ಅವನ ಸುತ್ತ ಮೇಯತೊಡಗಿದವು. ಕುರುಬ ಅವುಗಳನ್ನು ಬೈಯುತ್ತ ಹಿಂದೆ ಓಡಿ ನೋಡಿದರೆ, ಇನ್ನೂ ಉಸಿರಿತ್ತು. ದವಾಖಾನೆ ಮುಟ್ಟುವಷ್ಟರಲ್ಲಿ ಹೋಯಿತು. ಎದೆಯ ನೋವು, ಒಂದು ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ನಲವತ್ತು ತುಂಬಿರಲಿಲ್ಲ ಅವನಿಗೆ.

ಮಣ್ಣಿಗೆ ಊರೇ ಬಂದಿತ್ತು. ಜೀವಂತ ಇದ್ದಾಗ ಅರ್ಧ ಮೈಲು ಅವನ ಸಂಗಡ ನಡೆಯದವರೆಲ್ಲ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಡೆದರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು, ಆಮೇಲೆ ನನ್ನ ಮೊಣಕಾಲು ನೆನಪಾಯಿತು. ಹಿರಿಯರೊಬ್ಬರು ನಾಲ್ಕು ಮಾತಾಡಿ, "ಕಳಕಪ್ಪ ಬಯಲೊಳಗ ಬಯಲಾದ" ಎಂದರು. ನರಗುಂದಕ್ಕೆ ಬಂದಿದ್ದವರಲ್ಲೊಬ್ಬ ನನ್ನ ಪಕ್ಕದಲ್ಲೇ ಪುಸಕ್ಕನೆ ನಕ್ಕ. ನನಗೂ ನಗು ಬಂತು. ಇಬ್ಬರೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡೆವು. ನೋಡಿದವರು, ಪಾಪ ಗೆಳೆಯರು ಎಷ್ಟು ಅಳುತ್ತಿದ್ದಾರೆ ಅಂದುಕೊಂಡರು. ಅದೂ ಸುಳ್ಳಾಗಿರಲಿಲ್ಲ.

ನಾಲ್ಕನೆಯ ದಿನ ಗಿರಿಜಾ ದಿನಕರ್ಮದ ಕಾರ್ಡು ಮಾಡಿಸಲು ಅಂಗಡಿಗೆ ಬಂದಳು. ನಾನು ಟೈಪು ಮಾಡುತ್ತಿದ್ದೆ, ಆಕೆ ಎದುರಿನ ಸ್ಟೂಲಿನ ಮೇಲೆ ಕೂತಿದ್ದಳು. ಕೈ ಸಾಗಲಿಲ್ಲ.

"ತಂಗೀ, ಆ ದಿನಾ ನಾನೂ ಅದ ದಾರೀಲೆ ಹೋಗಿದ್ದೆ," ಅಂದೆ. "ನೋಡಿದ್ದೆ. ಯಾರೋ ಕುಂತಾರ ಅಂತ ತಿಳದು ಮಾರಿ ತಿರುವಿದೆ. ನನ್ನ ಕಾಲಿಗೆ ಏನೂ ಆಗಿರಲಿಲ್ಲ."

ಹೊರಗೆ ರೋಣದ ಬಸ್ಸು ಬಂದು ನಿಂತು, ಮಂದಿ ಹತ್ತಿ, ಹೋಯಿತು.

"ಕೈ ಎತ್ತಿದ್ರೇನ್ರಿ?" ಎಂದು ಕೇಳಿದಳು.

ಇಲ್ಲ ಅನ್ನಬಹುದಿತ್ತು. ಆ ಮನೆಯವರಿಗೆ ಸುಳ್ಳು ಹೇಳಿ ನನಗೆ ರೂಢಿ ಇತ್ತು. "ಎತ್ತಿದ್ದ," ಅಂದೆ.

"ಹಂಗಾದ್ರ ನಿಮ್ಮ ಗಾಡಿ ಗುರ್ತ ಹಿಡದಾರ ಬಿಡ್ರಿ ಅಣ್ಣಾರ," ಅಂದಳು. "ಕಡೀಕ ಗುರ್ತಿನವರನ್ನ ನೋಡಿ ಹೋದ್ರು."

ಆಕೆ ಅದನ್ನು ನನ್ನ ಸಮಾಧಾನಕ್ಕೆಂದೇ ಹೇಳಿದಳು. ಕರಡು ಓದಿ, ಕಳಕಪ್ಪನ ಹೆಸರಿನಲ್ಲೇ ಒಂದು ಒತ್ತಕ್ಷರ ತಪ್ಪಿದ್ದನ್ನು ಬೆರಳಿಟ್ಟು ತೋರಿಸಿ, ತಿದ್ದಿ ಇಡ್ರಿ, ಸಂಜೀಗೆ ಬರ್ತೀನಿ ಎಂದು ಎದ್ದು ಹೋದಳು. ಸಂಜೆ ಆಕೆ ಬಂದಾಗಲೂ ಆ ತಪ್ಪು ಹಾಗೇ ಇತ್ತು; ತಿದ್ದಲು ನನ್ನಿಂದ ಆಗಿರಲಿಲ್ಲ.